ಯಾರೂ ಏಳಬಾರದು

ಎಂಟನೆಯ ಇನ್ನಿಂಗ್ಸಿನ ನಡುವೆ ಸರೋಜಮ್ಮನವರ ಎಡಗೈ ಮೆಲ್ಲನೆ ದವಡೆಗೆ ಹೋಯಿತು.

ಮೇ ತಿಂಗಳ ಭಾನುವಾರದ ಮಧ್ಯಾಹ್ನ. ಟೆಕ್ಸಸ್‌ನ ಅಲೆನ್ ಎಂಬ ಊರಿನ ಆ ಮನೆಯಲ್ಲಿ ಊಟ ಮುಗಿದಿತ್ತು. ಮಗ ಪ್ರಶಾಂತ್ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಟೀವಿಯ ಬೇಸ್‌ಬಾಲ್ ಆಟದಲ್ಲಿ ಡಲ್ಲಾಸ್ ಕಡೆಯ ರೇಂಜರ್ಸ್ ತಂಡ ಹ್ಯೂಸ್ಟನ್ನಿನ ಆಸ್ಟ್ರೋಸ್ ತಂಡಕ್ಕಿಂತ ಎರಡು ರನ್ ಹಿಂದಿತ್ತು. ಆದರೆ ಓಟದ ದಾರಿಯ ಮೂರು ನಿಲುಗಡೆಗಳಾದ ಬೇಸ್‌ಗಳ ಪೈಕಿ ಎರಡರಲ್ಲಿ ರೇಂಜರ್ಸ್ ಆಟಗಾರರು ಓಡಲು ಕಾದು ನಿಂತಿದ್ದರು. ಒಂದೇ ಒಂದು ದೊಡ್ಡ ಹೊಡೆತ ಬಿದ್ದರೆ ಆಟ ತಿರುಗುತ್ತಿತ್ತು.

ಸೋಫಾದ ಬಲತುದಿಯಲ್ಲಿ ವೆಂಕಟಗಿರಿಯವರು. ಪಕ್ಕದ ಮರದ ಕುರ್ಚಿಯಲ್ಲಿ, ಬಲಗಾಲು ಮಡಿಸಿಕೊಂಡು, ಅವರ ಹೆಂಡತಿ ಸರೋಜಮ್ಮ. ನೆಲದ ಮೇಲೆ ಮೊಮ್ಮಗಳು ಅನನ್ಯಾ. ಸೊಸೆ ಶ್ರೀಜಾ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು.

“ಶ್ರೀಜಾ, ಅಲ್ಲೇ ನಿಲ್ಲು!” ವೆಂಕಟಗಿರಿಯವರ ಗಂಟಲು ಮನೆ ತುಂಬಿತು. “ಯಾರೂ ಏಳಬಾರದು. ಯಾರೂ ಜಾಗ ಬಿಡಬಾರದು.”

“ಮಾವ, ಕಾಫಿ ಆರಿಹೋಗುತ್ತೆ.”

“ಆರಲಿ. ಮತ್ತೆ ಬಿಸಿ ಮಾಡಬಹುದು. ಔಟ್ ಆದೋನನ್ನ ಮತ್ತೆ ಕರೆಯೋಕಾಗಲ್ಲ.”

ಮೈಸೂರಿನಲ್ಲಿ ರೇಡಿಯೋ ಮುಂದೆ ಕೂತು ಕ್ರಿಕೆಟ್ ಕೇಳುತ್ತಿದ್ದ ಕಾಲದಿಂದಲೂ ಅದು ಆ ಮನೆಯ ಕಟ್ಟಳೆ. ಆಟ ನಮ್ಮ ಕಡೆಗೆ ವಾಲುತ್ತಿರುವಾಗ ಕೂತವರು ಕೂತಂತೆ, ನಿಂತವರು ನಿಂತಂತೆ ಇರಬೇಕು. ಶ್ರೀಜಾ ತಟ್ಟೆಯೊಂದಿಗೆ ಬಾಗಿಲಲ್ಲೇ ನಿಂತಳು. ಅಲ್ಲಿಂದಲೇ ಅತ್ತೆಯ ಕೈ ಕಂಡಿತು.

“ಅತ್ತೆ, ಹಲ್ಲು ಇನ್ನೂ ನೋಯ್ತಿದೆಯಾ?”

“ಹೂಂ. ಸಂಹಿತಾ ಫೋನಲ್ಲಿ ಹೇಳಿದಾಳಲ್ಲ, ಉಪ್ಪುನೀರು ಮುಕ್ಕಳಿಸು ಅಂತ. ಆಮೇಲೆ ಮುಕ್ಕಳಿಸ್ತೀನಿ.” ಮಗಳ ಹೆಸರು ಹೇಳುವಾಗಲೂ ಸರೋಜಮ್ಮನವರ ಕಣ್ಣು ಟೀವಿಯಿಂದ ಕದಲಲಿಲ್ಲ. ಹಣೆಯ ಮೇಲೆ ಬೆವರಿತ್ತು. ಎ.ಸಿ. ಓಡುತ್ತಿತ್ತು.

ಹೊಡೆತ ಬಿತ್ತು. ಒಬ್ಬ ಓಡಿದ, ಇನ್ನೊಬ್ಬ ಓಡಿದ, ಹೊಡೆದವನೂ ಓಡಿಬಂದ. ಒಂಬತ್ತನೆಯ ಇನ್ನಿಂಗ್ಸೂ ಮುಗಿದು ರೇಂಜರ್ಸ್ ಗೆದ್ದಾಗ ಅನನ್ಯಾ ಚಪ್ಪಾಳೆ ತಟ್ಟುತ್ತ ಎದ್ದಳು. ಸರೋಜಮ್ಮನವರೂ ಎದ್ದರು. ಎದ್ದವರು ಕುರ್ಚಿಯ ತೋಳು ಹಿಡಿಯಲು ಕೈ ಚಾಚಿದರು. ಕೈಗೆ ತೋಳು ಸಿಗಲಿಲ್ಲ.

ಕಾಫಿಯ ತಟ್ಟೆ ಶ್ರೀಜಾಳ ಕೈಯಿಂದ ಜಾರಿತು.

*

“ಹೃದಯದ ನೋವು ಕೆಲವರಿಗೆ, ಅದರಲ್ಲೂ ಹೆಂಗಸರಿಗೆ, ದವಡೆಯಲ್ಲಿ ಕಾಣಿಸಿಕೊಳ್ಳುತ್ತೆ,” ಎಂದು ಆಸ್ಪತ್ರೆಯ ವೈದ್ಯೆ ವಿವರಿಸಿದರು. ಮುಚ್ಚಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಯಾಗಿತ್ತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು, ನೋವು ಶುರುವಾದ ಕೂಡಲೇ ಬಂದಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ ಎಂದೂ ಸೇರಿಸಿದರು.

ಆ ಮಾತು ಕೇಳುತ್ತ ನಿಂತಿದ್ದ ಮಗಳು ಸಂಹಿತಾ ಆಸ್ಟಿನ್‌ನಿಂದ ಎಲ್ಲಿಯೂ ನಿಲ್ಲದೆ ಡ್ರೈವ್ ಮಾಡಿಕೊಂಡು ಬಂದಿದ್ದಳು. ಅಲ್ಲಿ ಅವಳು ದಂತವೈದ್ಯೆ. ಅಮ್ಮ ಮನೆಗೆ ಬಂದ ದಿನ, ಊಟದ ಮೇಜಿನ ಮೇಲೆ ಸಾರು ಆರುತ್ತಿರುವಾಗ, ಅವಳು ಕೇಳಿದಳು:

“ಅತ್ತಿಗೆ, ಅಮ್ಮ ಯಾಕೆ ಅಷ್ಟು ಹೊತ್ತು ಸುಮ್ಮನೆ ಕೂತಿದ್ರು?”

ಶ್ರೀಜಾ ಗಂಡನ ಮುಖ ನೋಡಿದಳು. ಪ್ರಶಾಂತ್ ಅನ್ನ ಕಲಸುವುದರಲ್ಲಿ ತೊಡಗಿದ. ಉತ್ತರ ಬಂದದ್ದು ಮೇಜಿನ ತುದಿಯಿಂದ.

“ನಾನೇ ಏಳಬೇಡ ಅಂದೆ,” ಎಂದರು ವೆಂಕಟಗಿರಿಯವರು.

“ಅಪ್ಪಾ, ಆಟಕ್ಕೋಸ್ಕರ?”

“ಹೂಂ.”

“ಮೂರು ಕಾಸಿನ ಆಟ! ಯಾರೋ ಚೆಂಡು ಎಸೀತಾರೆ, ಯಾರೋ ಹೊಡೀತಾರೆ. ಅದಕ್ಕೆ ನಮ್ಮಮ್ಮ ಎದೆ ಹಿಡ್ಕೊಂಡು ಕೂತಿರಬೇಕಿತ್ತಾ?”

“ಸಂಹಿತಾ, ನಿಧಾನ,” ಎಂದ ಪ್ರಶಾಂತ್.

“ನೀನು ಸುಮ್ನಿರಣ್ಣ. ನೀನು ಆವತ್ತೂ ಹುಲ್ಲು ಕತ್ತರಿಸ್ತಿದ್ದೆ, ಇವತ್ತೂ ಅದನ್ನೇ ಮಾಡ್ತಿದೀಯ.”

ಒಳಕೋಣೆಯ ಬಾಗಿಲಲ್ಲಿ ಸರೋಜಮ್ಮ ಗೋಡೆ ಹಿಡಿದು ನಿಂತಿದ್ದರು. “ಸಂಹಿತಾ, ನಾನೊಂದು ಮಾತು...”

“ನೀನು ಮಲಕ್ಕೊ ಸರೋಜಾ,” ವೆಂಕಟಗಿರಿಯವರು ತಲೆಯೆತ್ತದೆ ಹೇಳಿದರು. “ಮಾತಾಡಿ ಆಯಾಸ ಮಾಡ್ಕೋಬೇಡ.” ಆ ಸ್ವರದಲ್ಲಿ ಏನಿತ್ತೋ, ಸರೋಜಮ್ಮ ತಿರುಗಿ ಒಳಗೆ ಹೋದರು.

ತೀರ್ಮಾನ ಅಲ್ಲೇ ಆಯಿತು. ಪ್ರಶಾಂತ್, ಶ್ರೀಜಾ ಇಬ್ಬರೂ ಬೆಳಗಾದರೆ ಪಕ್ಕದ ಊರು ಪ್ಲೇನೋದ ಆಫೀಸುಗಳಿಗೆ ಹೋಗುವವರು. ಹಗಲಿಡೀ ನೋಡಿಕೊಳ್ಳಲು ಯಾರೂ ಇಲ್ಲ. ಸಂಹಿತಾಳ ಕ್ಲಿನಿಕ್ ಅವಳ ಮನೆಯಿಂದ ಎರಡು ಬೀದಿ ಆಚೆ. ಅಮ್ಮ ಆಸ್ಟಿನ್‌ಗೆ.

“ಅಪ್ಪ?” ಎಂದು ಕೇಳಿದ ಪ್ರಶಾಂತ್.

“ಅಪ್ಪ ಬಂದರೆ ಟೀವಿ ಬರುತ್ತೆ. ಟೀವಿ ಬಂದರೆ ಆಟ ಬರುತ್ತೆ. ಬೇಡ.”

ವೆಂಕಟಗಿರಿಯವರು ಕೈ ತೊಳೆದುಕೊಂಡು ಬಂದು ಹೇಳಿದರು: “ನಾನು ಸೈಪ್ರೆಸ್‌ಗೆ ಹೋಗ್ತೀನಿ. ಹಯಗ್ರೀವ ಒಬ್ಬನೇ ಇದಾನೆ.”

ಹಯಗ್ರೀವ ಎಂದರೆ ಸರೋಜಮ್ಮನವರ ತಮ್ಮ, ಹ್ಯೂಸ್ಟನ್ನಿನ ವಾಯವ್ಯಕ್ಕಿರುವ ಸೈಪ್ರೆಸ್‌ನಲ್ಲಿ ಮನೆ. ಅದಕ್ಕಿಂತ ಮುಖ್ಯವಾಗಿ, ಆಸ್ಟ್ರೋಸ್ ತಂಡದ ಕಡು ಅಭಿಮಾನಿ. ರೇಂಜರ್ಸ್ ಅಭಿಮಾನಿಯೊಬ್ಬ ತಾನಾಗಿ ಹೋಗಿ ಅಲ್ಲಿರುತ್ತೇನೆ ಎಂದರೆ ಅದು ಪ್ರವಾಸವಲ್ಲ, ಶಿಕ್ಷೆ ಎಂಬುದು ಅನನ್ಯಾಳಿಗೂ ತಿಳಿಯಿತು.

“ತಾತ, ಆರ್ ಯು ಶೂರ್?” ಎಂದಳು.

ತಾತ ಬಟ್ಟೆ ಚೀಲ ತುಂಬಲು ಒಳಗೆ ಹೋದರು.

*

ಸೈಪ್ರೆಸ್‌ನ ಮನೆಯಲ್ಲಿ ಅಡುಗೆ ಗಂಡಸರದ್ದು. ಹಯಗ್ರೀವರ ಹೆಂಡತಿ ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದರು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಹುಳಿ, ಸಂಜೆ ಮಧ್ಯಾಹ್ನದ ಹುಳಿ. ಆರು ಗಂಟೆಗೆ ಟೀವಿ ಹಾಕಿದರೆ ವೆಂಕಟಗಿರಿಯವರು ಎದ್ದು ಹೊರಗೆ ಹೋಗಿ ಆ ಸೆಕೆಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಒಂದು ವಾರ ಹಾಗೇ ಕಳೆಯಿತು. ಎರಡನೆಯ ವಾರ ಹಯಗ್ರೀವರ ತಾಳ್ಮೆ ಮುಗಿಯಿತು.

“ಭಾವ, ನನ್ನ ಗಿಡ ಕೊಳೆತುಹೋಗ್ತಿವೆ. ಬಂದು ಕೂತ್ಕೊಳ್ಳಿ. ನಿಮ್ಮ ರೇಂಜರ್ಸ್ ಸೋಲ್ತಿರೋದನ್ನಾದರೂ ನೋಡಿ.”

“ಬೇಡಪ್ಪ.”

“ಹೋಗಲಿ, ಬೈಯಿರಿ. ಪ್ರತಿ ಶನಿವಾರ ಫೋನಲ್ಲಿ ಎಷ್ಟು ಚೆನ್ನಾಗಿ ಬೈತಿದ್ರಿ!”

ಅದು ನಿಜ. ಆ ಶನಿವಾರದ ಮಾತುಗಳು ಹಯಗ್ರೀವರ ಬಾಯಿಂದ ಹ್ಯೂಸ್ಟನ್ನಿನ ಕನ್ನಡ ಮನೆಗಳಲ್ಲೆಲ್ಲ ಹರಡಿದ್ದವು. ಚೆನ್ನಾಗಿ ಎಸೆಯುತ್ತಿರುವ ಪಿಚರ್‌ನನ್ನು ಮ್ಯಾನೇಜರ್ ಹೊರಗೆ ಕರೆದಾಗ ವೆಂಕಟಗಿರಿಯವರು ಹೇಳಿದ್ದರು: “ಹೆಂಚು ಹದವಾಗಿ ಕಾದಾಗ ದೋಸೆ ಹುಯ್ಯೋ ಕೈ ಬದಲಾಯಿಸ್ತಾರೇನಯ್ಯ? ಕಂಪ್ಯೂಟರ್ ಹೇಳ್ತಂತೆ! ಅಳತೆ ಲೋಟ ಹೇಳ್ತು ಅಂತ ರುಚಿ ನೋಡದೆ ಹುಳಿ ಇಳಿಸಿದ ಹಾಗಾಯ್ತು.” ಎಲ್ಲ ಬ್ಯಾಟರ್‌ಗಳೂ ಚೆಂಡನ್ನು ಮೈದಾನದಾಚೆಗೆ ಹೊಡೆಯಲು ಹೋಗಿ ಔಟಾದಾಗ: “ಒಬ್ಬನಾದರೂ ಮೆಲ್ಲಗೆ ತಟ್ಟಿ, ತಾನು ಔಟಾಗಿ, ಇನ್ನೊಬ್ಬನ್ನ ಮುಂದಿನ ಬೇಸ್‌ಗೆ ಕಳಿಸ್ತಾನಾ? ಎಲ್ಲರಿಗೂ ಪಾಯಸ ಬಡಿಸೋ ಆಸೆ. ಎಲೆ ಎತ್ತೋಕೆ ಯಾರೂ ಇಲ್ಲ.”

ಈಗ ಹಯಗ್ರೀವರು ಟೀವಿಯ ಕಡೆ ಬೆರಳು ತೋರಿಸಿದರು. “ನೋಡಿ, ನಿಮ್ಮ ಮ್ಯಾನೇಜರ್ ಮತ್ತೆ ಪಿಚರ್‌ನ ಬದಲಾಯಿಸಿದ. ಸರಿಯೋ ತಪ್ಪೋ?”

ವೆಂಕಟಗಿರಿಯವರು ಬಾಗಿಲಲ್ಲಿ ನಿಂತು ನೋಡಿದರು.

“ಗೊತ್ತಿಲ್ಲ,” ಎಂದರು.

“ಗೊತ್ತಿಲ್ವಾ? ನಿಮಗಾ?”

“ಗೊತ್ತಿಲ್ಲ ಹಯಗ್ರೀವ. ನೀರಿನ ಪೈಪ್ ಬಿಟ್ಟು ಬಂದಿದೀನಿ.”

ಆ ಸಂಜೆಯೇ ಹಯಗ್ರೀವರು ಅಲೆನ್‌ಗೆ ಫೋನ್ ಮಾಡಿದರು. “ಶ್ರೀಜಾ, ಭಾವನಿಗೆ ಏನೋ ಆಗಿದೆಯಮ್ಮ. ಆಟವೇ ಮರೆತುಹೋದ ಹಾಗಿದೆ. ಯಾರಾದರೂ ಡಾಕ್ಟರ್‌ಗೆ ತೋರಿಸಬೇಕಾ?”

ಶ್ರೀಜಾ ಆ ಮಾತನ್ನು ಆಸ್ಟಿನ್‌ಗೆ ಮುಟ್ಟಿಸಿದಳು.

“ಮರೆತರೆ ಒಳ್ಳೇದೇ ಆಯ್ತಲ್ಲ,” ಎಂದಳು ಸಂಹಿತಾ.

“ಹಾಗನ್ನಬೇಡ. ನಿಮ್ಮಪ್ಪ ಇಲ್ಲಿಂದ ಹೊರಡೋ ದಿನ ಅತ್ತೆಯ ಕುರ್ಚಿಯನ್ನ ಒರೆಸಿಟ್ಟು ಹೋದರು. ಟೀವಿ ಕಡೆ ತಿರುಗಿಸಿಟ್ಟು.”

“ಅತ್ತಿಗೆ, ನೀವು ಮಾವನ ಪರ ಮಾತಾಡೋದು ಸುಲಭ. ಸಾಯೋಕೆ ಹೋಗಿದ್ದು ನನ್ನಮ್ಮ.”

“ನನ್ನತ್ತೆ ಕೂಡ,” ಎಂದು ಶ್ರೀಜಾ ಫೋನಿಟ್ಟಳು.

*

ಆಸ್ಟಿನ್‌ನಲ್ಲಿ ಸರೋಜಮ್ಮ ಹೇಳಿದಂತೆ ಕೇಳಿದರು. ಉಪ್ಪು ಕಡಿಮೆಯ ಸಾರು ಉಂಡರು, ಬೆಳಗಿನ ತಂಪಿನಲ್ಲಿ ನಡೆದರು, ಮಾತ್ರೆ ನುಂಗಿದರು. ನೋವು ಬಂದರೆ ನಾಲಿಗೆಯ ಕೆಳಗಿಡಬೇಕಾದ ಪುಟ್ಟ ಮಾತ್ರೆಯ ಶೀಶೆಯನ್ನು ಸದಾ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿರುತ್ತಿದ್ದರು. ಟೀವಿಯ ರಿಮೋಟನ್ನು ಸಂಹಿತಾ ಕ್ಲಿನಿಕ್ಕಿಗೆ ತೆಗೆದುಕೊಂಡು ಹೋಗುತ್ತಿದ್ದಳು. ಅವರು ಅದನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ.

“ನಿಮ್ಮಪ್ಪನ ಹತ್ರ ಹೋಗ್ಲಾ?”

“ಇನ್ನೂ ಸ್ವಲ್ಪ ದಿನ ಇರಮ್ಮ.”

“ಸ್ವಲ್ಪ ದಿನ, ಸ್ವಲ್ಪ ದಿನ ಅಂತ ಜುಲೈ ಮುಗೀತಾ ಬಂತು.”

“ಅಲ್ಲಿ ಹೋದರೆ ಮತ್ತೆ ಅದೇ ಕೂಗು, ಅದೇ ‘ಏಳಬೇಡ.’ ಅಪ್ಪನ್ನ ನಾನು ನಂಬಲ್ಲ. ಈ ವಿಷಯ ಬೇಡ.”

ಸರೋಜಮ್ಮ ತಟ್ಟೆಯ ಅನ್ನವನ್ನು ಬದಿಗೆ ಸರಿಸಿದರು.

ಆಗಸ್ಟ್ ತಿಂಗಳ ಒಂದು ಬುಧವಾರ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬರು ಬರಲಿಲ್ಲ. ಸಂಹಿತಾ ಊಟಕ್ಕೆ ಮನೆಗೆ ಬಂದಳು. ಕಾರಿನಿಂದ ಇಳಿಯುವಾಗಲೇ ಒಳಗಿನಿಂದ ಹೊಗೆಯ ಅಲಾರಂ ಕಿರುಚುವುದು ಕೇಳಿಸಿತು.

“ಅಮ್ಮಾ!”

ಕೀಲಿಕೈ ಬಾಗಿಲಿಗೆ ಸರಿಯಾಗಿ ಸೇರಲಿಲ್ಲ. ಎರಡನೆಯ ಸಲ ಸೇರಿತು. ಅಡುಗೆಮನೆಯಲ್ಲಿ ನೀಲಿ ಹೊಗೆ. ಒಲೆಯ ಮೇಲೆ ಬೇಳೆ ಹೊತ್ತಿ ಕರಿಯಾಗಿತ್ತು. ನಾಲ್ಕೇ ಹೆಜ್ಜೆಯಾಚೆ, ಊಟದ ಮೇಜಿನ ಕುರ್ಚಿಯಲ್ಲಿ, ಬಲಗಾಲು ಮಡಿಸಿಕೊಂಡು ಸರೋಜಮ್ಮ ಕೂತಿದ್ದರು. ಕಣ್ಣು ತೆರೆದಿತ್ತು. ಅಲುಗಾಡುತ್ತಿರಲಿಲ್ಲ.

ಸಂಹಿತಾ ಓಡಿಬಂದು ಭುಜ ಹಿಡಿದಳು. “ಅಮ್ಮಾ! ಅಮ್ಮಾ, ಏನಾಯ್ತು?”

“ಶ್!” ಎಂದರು ಸರೋಜಮ್ಮ. ಕಿವಿಯಲ್ಲಿ ಇಯರ್‌ಫೋನ್ ಇತ್ತು. ವಯರು ಮಡಿಲಲ್ಲಿದ್ದ ಫೋನಿಗೆ ಇಳಿದಿತ್ತು. “ಒಂದೇ ನಿಮಿಷ ಕಣೆ. ಮೂರೂ ಬೇಸ್ ತುಂಬಿದೆ.”

ಸಂಹಿತಾ ಒಲೆ ಆರಿಸಿದಳು. ಕಿಟಕಿ ತೆಗೆದಳು. ಟವೆಲ್ ಬೀಸಿ ಬೀಸಿ ಅಲಾರಂ ನಿಲ್ಲಿಸಿದಳು. ಅಷ್ಟೂ ಹೊತ್ತು ಸರೋಜಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದರು.

“ಮತ್ತೆ ಆಕಾಶಕ್ಕೆ ಹೊಡೆದ. ಔಟ್. ಅಲ್ಲ, ಮೆಲ್ಲಗೆ ತಟ್ಟಿದ್ದರೆ ಒಬ್ಬನಾದರೂ ಬರ್ತಿದ್ದ! ಎಲ್ಲರಿಗೂ ಪಾಯಸ ಬಡಿಸೋ ಆಸೆ.”

ಸಂಹಿತಾಳ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. “ಅದು ಅಪ್ಪನ ಮಾತಲ್ವಾ?”

“ನಿಮ್ಮಪ್ಪ ಯಾವತ್ತು ಪಾಯಸ ಬಡಿಸಿದಾರೆ? ಹೆಂಚು ಯಾವಾಗ ಕಾಯುತ್ತೆ ಅಂತ ಅವರಿಗೇನು ಗೊತ್ತು? ನಾನು ಸೊಪ್ಪು ಸೋಸ್ತಾ ಹೇಳ್ತಿದ್ದೆ. ಅವರು ಶನಿವಾರ ಫೋನಲ್ಲಿ ಹೇಳ್ತಿದ್ರು. ಗಟ್ಟಿ ಗಂಟಲು ಅವರದು ಅಷ್ಟೆ.”

“ಹಾಗಾದರೆ... ಏಳಬಾರದು ಅನ್ನೋದು?”

ಸರೋಜಮ್ಮ ಸುಟ್ಟ ಪಾತ್ರೆಯ ಕಡೆ ನೋಡಿದರು.

“ನಂದೇ. ಮದುವೆಯಾದ ಹೊಸದರಲ್ಲಿ ರೇಡಿಯೋ ಮುಂದೆ ಅವರನ್ನ ಕೂರಿಸಿದ್ದು ನಾನು. ಆವತ್ತೂ ಅಷ್ಟೆ. ಎದೆ ಹಿಂಡ್ತಿತ್ತು, ಅವರು ಆಟದ ಮಧ್ಯೆಯೇ ಕೇಳಿದ್ರು, ಎದ್ದು ಉಪ್ಪುನೀರು ತಂದುಕೊಡ್ಲಾ ಅಂತ. ನಾನೇ ಕಣ್ಣಲ್ಲಿ ಬೇಡ ಅಂದೆ.”

“ಮತ್ತೆ ಯಾಕಮ್ಮ ಹೇಳಲಿಲ್ಲ? ಮೂರು ತಿಂಗಳಿಂದ ನಾನು ಅಪ್ಪನ್ನ...”

“ಹೇಳೋಕೆ ಬಂದೆನಲ್ಲ. ಮಲಕ್ಕೊ ಅಂದ್ರು. ಆಮೇಲೆ ಒಳಗೆ ಬಂದು ಹೇಳಿದ್ರು: ‘ನನ್ನ ತಪ್ಪು ಅಂದ್ಕೊಂಡರೆ ನಾಲ್ಕು ದಿನ ಬೈತಾಳೆ. ನಿನ್ನದು ಅಂತ ಗೊತ್ತಾದರೆ ಆಟಾನೇ ಕಿತ್ಕೊಳ್ತಾಳೆ. ನಿನಗೆ ಹಗಲೆಲ್ಲ ಇರೋದು ಅದೊಂದೇ.’” ಸರೋಜಮ್ಮ ಇಯರ್‌ಫೋನಿನ ವಯರನ್ನು ಬೆರಳಿಗೆ ಸುತ್ತಿಕೊಂಡರು. “ಇನ್ನೊಂದೂ ಅಂದ್ರು. ‘ದವಡೆ ನೋವು ಅಂದಾಗ ಸಂಹಿತಾ ಫೋನಲ್ಲೇ ಹಲ್ಲು ಅಂದಿದ್ದಳು. ಅದನ್ನ ಯಾರ ಮುಂದೆಯೂ ಎತ್ತಬೇಡ. ಮಗು ಕೊರಗುತ್ತೆ.’”

ಸಂಹಿತಾ ಸಿಂಕಿನ ನಲ್ಲಿ ತಿರುಗಿಸಿ ಸುಟ್ಟ ಪಾತ್ರೆಯನ್ನು ಉಜ್ಜತೊಡಗಿದಳು. ಬಹಳ ಹೊತ್ತು ಉಜ್ಜಿದಳು. ಕರಿ ಬಿಡಲಿಲ್ಲ.

“ಭಾನುವಾರ ಸೈಪ್ರೆಸ್‌ಗೆ ಹೋಗೋಣ,” ಎಂದಳು, ಬೆನ್ನು ತಿರುಗಿಸಿಕೊಂಡೇ. “ಆದರೆ ಒಂದು ಮಾತು. ಇವತ್ತು ಬೇಳೆ ಸುಟ್ಟರೂ ನೀನು ಏಳಲಿಲ್ಲ. ಅಪ್ಪ ತಡೆದರು ಅಂದ್ಕೊಂಡಿದ್ದಾಗ ನನಗೆ ಕೋಪ ಇತ್ತು. ಈಗ ಭಯ ಆಗ್ತಿದೆ. ನೋವು ಬಂದರೆ ನೀನು ಏಳ್ತೀಯ ಅಂತ ನನಗೆ ನಂಬಿಕೆ ಬರಬೇಕು. ಬರೋವರೆಗೂ ನಿಮ್ಮಿಬ್ಬರನ್ನೇ ಒಂದು ಮನೇಲಿ ಬಿಡಲ್ಲ.”

“ಏಳ್ತೀನಿ.”

“ಮಾತಲ್ಲಿ ಬೇಡಮ್ಮ.”

*

ಆಸ್ಟಿನ್‌ನಿಂದ ಹೊರಡುವ ಇನ್ನೂರ ತೊಂಬತ್ತನೆಯ ಹೆದ್ದಾರಿ ನೇರವಾಗಿ ಸೈಪ್ರೆಸ್‌ನ ಬಾಗಿಲಿಗೇ ಬರುತ್ತದೆ. ತಾಯಿ ಮಗಳು ಬಂದಿಳಿದಾಗ ವೆಂಕಟಗಿರಿಯವರು ಪೈಪ್ ಹಿಡಿದು ಅಂಗಳದಲ್ಲಿದ್ದರು. ಮೈ ಇಳಿದಿತ್ತು. ಹೆಂಡತಿಯನ್ನು ನೋಡಿ ಪೈಪ್ ಕೆಳಗೆ ಹಾಕಿದರು; ನೀರು ಅವರ ಚಪ್ಪಲಿಯ ಮೇಲೆಯೇ ಹರಿಯಿತು.

“ಸಣ್ಣಗಾಗಿದೀಯ,” ಎಂದರು.

“ನೀವೇನು ದಪ್ಪಗಾಗಿದೀರಾ? ಹಯಗ್ರೀವ ಏನು ಹಾಕ್ತಿದಾನೆ?”

“ಹುಳಿ.”

“ಅಪ್ಪಾ,” ಎಂದಳು ಸಂಹಿತಾ. “ಪೈಪ್ ಇರಲಿ, ನೀರು ನಾನು ನಿಲ್ಲಿಸ್ತೀನಿ.” ವೆಂಕಟಗಿರಿಯವರು ಮಗಳ ಮುಖ ನೋಡಿ, ಆಮೇಲೆ ಹೆಂಡತಿಯ ಮುಖ ನೋಡಿ, ಎಲ್ಲ ಹೊರಬಿದ್ದಿದೆ ಎಂದು ತಿಳಿದುಕೊಂಡರು.

ಊಟವಾಯಿತು. ಟೀವಿಯಲ್ಲಿ ಹ್ಯೂಸ್ಟನ್ನಿನ ಮೈದಾನ, ಎದುರಾಳಿ ರೇಂಜರ್ಸ್. ಹಯಗ್ರೀವರು ರಿಮೋಟನ್ನು ಅಕ್ಕನ ಮಗಳು ಸಂಹಿತಾಳ ಕಡೆ ಚಾಚಿ, “ನೀನು ಬೇಡ ಅಂದರೆ ಆರಿಸ್ತೀನಿ,” ಎಂದರು. ಅವಳು ಬೇಡ ಎನ್ನಲಿಲ್ಲ. ಸರೋಜಮ್ಮ ಸೋಫಾ ಬಿಟ್ಟು ಊಟದ ಮೇಜಿನಿಂದ ಒಂದು ಕುರ್ಚಿ ಎಳೆಸಿಕೊಂಡು, ಬಲಗಾಲು ಮಡಿಸಿ ಕೂತರು.

“ಅಕ್ಕ, ಇವತ್ತು ನಿಮ್ಮವರು ಮುಗಿದರು,” ಎಂದರು ಹಯಗ್ರೀವರು, ಆಸ್ಟ್ರೋಸ್ ಒಂದು ರನ್ ಮುಂದೆ ಹೋದಾಗ.

“ಮುಗಿಯೋಕೆ ಇದೇನು ನಿನ್ನ ಹುಳಿನಾ? ಹತ್ತು ಸಲ ಹೋಗಿ ಮೂರು ಸಲ ಹೊಡೆದವನನ್ನ ದೊಡ್ಡವನು ಅನ್ನೋ ಆಟ ಕಣೋ ಇದು. ಏಳು ಸಲ ಸೋತವನಿಗೂ ಇಲ್ಲಿ ಮರ್ಯಾದೆ ಇದೆ. ಅದಕ್ಕೇ ನನಗಿಷ್ಟ.”

ಹಯಗ್ರೀವರು ಅಕ್ಕನನ್ನು ನೋಡಿದರು, ಭಾವನನ್ನು ನೋಡಿದರು. “ಓಹೋ,” ಎಂದರು. “ಶನಿವಾರದ ಫೋನ್ ಇಲ್ಲಿಂದ ಬರ್ತಿತ್ತಾ!”

ಒಂಬತ್ತನೆಯ ಇನ್ನಿಂಗ್ಸ್. ರೇಂಜರ್ಸ್ ಇನ್ನೂ ಒಂದು ರನ್ ಹಿಂದೆ. ಇಬ್ಬರು ಔಟ್. ಆದರೆ ಒಬ್ಬೊಬ್ಬರಾಗಿ ಬಂದು ಮೂರೂ ಬೇಸ್ ತುಂಬಿದ್ದವು. ಒಂದು ಹೊಡೆತ ಬಿದ್ದರೆ ಗೆಲುವಿನ ದಾರಿ. ಒಬ್ಬ ಔಟಾದರೆ ಎಲ್ಲ ಮುಗಿಯಿತು. ಮೈದಾನದ ಜನ ಎದ್ದು ನಿಂತರು. ಸೈಪ್ರೆಸ್‌ನ ಆ ಕೋಣೆಯಲ್ಲಿ ಯಾರೂ ಅಲುಗಲಿಲ್ಲ.

ವೆಂಕಟಗಿರಿಯವರು ಟೀವಿ ನೋಡುತ್ತಿರಲಿಲ್ಲ. ಹೆಂಡತಿಯ ಎಡಗೈಯನ್ನು ನೋಡುತ್ತಿದ್ದರು. ಕೈ ಮಡಿಲಿನಿಂದ ಎದ್ದಿತು. ಗಲ್ಲದ ಹತ್ತಿರ ಬಂತು. ದವಡೆಯ ಮೇಲೆ ನಿಂತಿತು.

ಸಂಹಿತಾಳೂ ನೋಡಿದಳು. ಎದ್ದೇಬಿಡಬೇಕೆಂದು ಮುಂದೆ ಬಾಗಿದಾಗ ತಂದೆ ಅವಳ ಮಣಿಕಟ್ಟು ಹಿಡಿದರು. ಒಂದು ಉಸಿರಿನಷ್ಟು ಹೊತ್ತು ಮಾತ್ರ ಹಿಡಿದಿದ್ದರು.

ಬ್ಯಾಟರ್ ಬ್ಯಾಟ್ ಎತ್ತಿದ. ಪಿಚರ್ ಕೈ ಹಿಂದಕ್ಕೆ ಎಳೆದ.

ಸರೋಜಮ್ಮ ಮಡಿಸಿದ್ದ ಕಾಲನ್ನು ಕೆಳಗಿಳಿಸಿದರು. ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು.

“ಸಂಹಿತಾ, ದವಡೆ ಹಿಡೀತಿದೆ,” ಎಂದರು.

ಆಮೇಲೆ ಯಾರೂ ಟೀವಿಯ ಕಡೆ ನೋಡಲಿಲ್ಲ. ಸಂಹಿತಾ ಸೆರಗಿನ ಗಂಟು ಬಿಚ್ಚಿ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು, ತಾಯಿಯನ್ನು ಸೋಫಾದಲ್ಲಿ ಒರಗಿಸಿ, ಆ್ಯಂಬುಲೆನ್ಸ್‌ಗೆ ಫೋನ್ ಮಾಡಲು ಬೆರಳನ್ನು ಸಿದ್ಧವಾಗಿಟ್ಟುಕೊಂಡಳು. ಹಯಗ್ರೀವರು ನೀರು ತಂದರು, ಬೇಡವೆಂದಾಗ ಹಿಡಿದುಕೊಂಡೇ ನಿಂತರು. ವೆಂಕಟಗಿರಿಯವರು ನೆಲದ ಮೇಲೆ ಕೂತು ಹೆಂಡತಿಯ ಪಾದವನ್ನು ಕೈಯಲ್ಲಿ ಹಿಡಿದಿದ್ದರು.

“ಕಡಿಮೆ ಆಗ್ತಿದೆಯಾ?” ಎಂದಳು ಸಂಹಿತಾ.

“ತಡಿ.”

“ಅಮ್ಮಾ, ನಿಜ ಹೇಳು.”

“ಕಡಿಮೆ ಆಗ್ತಿದೆ ಕಣೆ. ಸುಳ್ಳು ಹೇಳೋಕೆ ಎದ್ದೆನಾ?”

ಹಣೆ ಒಣಗಿತ್ತು. ನಾಡಿ ಸರಿಯಾಗಿತ್ತು. “ಆದರೂ ಆಸ್ಪತ್ರೆಗೆ ಹೋಗಿ ತೋರಿಸೋಣ,” ಎಂದಳು ಸಂಹಿತಾ. “ಅಪ್ಪಾ, ನೀವೂ ಬನ್ನಿ. ಬಟ್ಟೆ ಚೀಲವನ್ನೂ ತಗೊಳ್ಳಿ. ಅಲ್ಲಿಂದ ಮತ್ತೆ ಇಲ್ಲಿಗೆ ಬರೋದು ಬೇಡ. ಡಾಕ್ಟರ್ ಸರಿ ಅಂದರೆ ಇಬ್ಬರೂ ನಮ್ಮನೆಗೆ, ಆಮೇಲೆ ಇಬ್ಬರೂ ಅಲೆನ್‌ಗೆ.”

ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಹ್ಯೂಸ್ಟನ್ನಿನ ಜನರ ಕೇಕೆ ಕೇಳಿಸುತ್ತಲೇ ಇತ್ತು. ಅಷ್ಟು ದೊಡ್ಡ ಕೇಕೆಗೆ ಒಂದೇ ಅರ್ಥ. ಹಯಗ್ರೀವರು ಹೋಗಿ ಟೀವಿ ಆರಿಸಿದರು. ಅವರ ತಂಡ ಗೆದ್ದಿದ್ದರೂ ಮುಖದಲ್ಲಿ ಗೆಲುವಿರಲಿಲ್ಲ.

“ನೋಡಿದ್ರಾ?” ಎಂದರು ಸರೋಜಮ್ಮ, ಗಂಡನ ತೋಳು ಹಿಡಿದು ಮೆಟ್ಟಿಲಿಳಿಯುತ್ತ. “ನಾನು ಎದ್ದಿದ್ದಕ್ಕೇ ಸೋತ್ರು.”

“ಹೌದು,” ಎಂದರು ವೆಂಕಟಗಿರಿಯವರು. ಅವರ ಗಟ್ಟಿ ಗಂಟಲು ಎಲ್ಲೋ ಒಳಗೆ ಇಳಿದುಹೋಗಿತ್ತು. “ಇನ್ನು ಮೇಲೆ ಹೀಗೇ ಸೋಲೋಣ.”